ಆಟ–ಆರೋಗ್ಯ: ಉಸಿರು, ಧ್ಯಾನ ಮತ್ತು ಮೈದಾನ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಉಸಿರಾಟದ ಅಭ್ಯಾಸ ಮತ್ತು ಧ್ಯಾನವನ್ನು ಕ್ರೀಡೆಗೆ ಹೇಗೆ ಬಳಸಿಕೊಳ್ಳಬಹುದೆಂದು ಕೇಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಐವರಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೇನೆ. 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸುವುದು ನನ್ನ ಗುರಿ. ಮೊದಲೆರಡು ಸುತ್ತು ಚೆನ್ನಾಗಿ ಓಡುತ್ತೇನೆ, ಮೂರನೆಯ ಸುತ್ತಿನಲ್ಲಿ ದಮ್ಮು ಹತ್ತಿ ಕಾಲುಗಳು ಸೋಲುತ್ತವೆ. ಓಟಕ್ಕೆ ಮುಂಚೆ ಐದು ನಿಮಿಷ ಕಪಾಲಭಾತಿ ಮಾಡಿದರೆ ದೇಹದಲ್ಲಿ ಆಮ್ಲಜನಕ ಶೇಖರವಾಗುತ್ತದೆ ಎಂದು ಜೊತೆಯಲ್ಲಿ ಓಡುವವರು ಹೇಳುತ್ತಾರೆ. ಇದು ನಿಜವೇ?
— ಒಬ್ಬ ಓದುಗ, ಹಾವೇರಿ ಜಿಲ್ಲೆ

ಉತ್ತರ: ನಿಜವಲ್ಲ. ಆರೋಗ್ಯವಂತ ವ್ಯಕ್ತಿ ಸುಮ್ಮನೆ ಕುಳಿತಿದ್ದಾಗಲೇ ಅವನ ಅಪಧಮನಿಯ ರಕ್ತದಲ್ಲಿರುವ ಹಿಮೋಗ್ಲೋಬಿನ್ ಶೇ 95ಕ್ಕಿಂತ ಹೆಚ್ಚು ಆಮ್ಲಜನಕದಿಂದ ತುಂಬಿರುತ್ತದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಳಸಿದವರೆಲ್ಲ ಈ ಅಂಕಿಯನ್ನು ಕಣ್ಣಾರೆ ಕಂಡಿದ್ದಾರೆ. ಆಗಲೇ ತುಂಬಿರುವುದಕ್ಕೆ ಇನ್ನಷ್ಟು ತುಂಬಲು ಬರುವುದಿಲ್ಲ. ರಭಸದಿಂದ ಉಸಿರಾಡಿದಾಗ ನಿಜವಾಗಿ ಆಗುವುದು ಬೇರೆಯೇ: ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚಾಗಿ ಹೊರಹೋಗುತ್ತದೆ. ಅದನ್ನು ನಾವು ಬರಿಯ ತ್ಯಾಜ್ಯವೆಂದು ಶಾಲೆಯಲ್ಲಿ ಓದಿದ್ದೇವೆ, ಆದರೆ ಉಸಿರಾಡಬೇಕೆಂಬ ತುಡಿತವನ್ನು ಮುಖ್ಯವಾಗಿ ಹುಟ್ಟಿಸುವುದೇ ಅದು. ಅದರ ಪ್ರಮಾಣ ತಗ್ಗಿದರೆ ಹಿಮೋಗ್ಲೋಬಿನ್ ತಾನು ಹಿಡಿದಿರುವ ಆಮ್ಲಜನಕವನ್ನು ಅಂಗಾಂಶಗಳಿಗೆ ಸಲೀಸಾಗಿ ಬಿಟ್ಟುಕೊಡುವುದಿಲ್ಲ ಎಂಬುದನ್ನು ಡೆನ್ಮಾರ್ಕಿನ ಕ್ರಿಸ್ಟಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲೇ ತೋರಿಸಿಕೊಟ್ಟಿದ್ದಾರೆ. ಮಿದುಳಿನ ರಕ್ತನಾಳಗಳೂ ಆಗ ಸಂಕೋಚಗೊಳ್ಳುತ್ತವೆ. ಕಪಾಲಭಾತಿಯನ್ನು ಕಲಿಯದೆ ರಭಸದಿಂದ ಮಾಡಿದವರಿಗೆ ತಲೆ ಹಗುರಾದಂತೆ, ತುಟಿ ಮತ್ತು ಬೆರಳ ತುದಿ ಜುಮ್ಮೆಂದಂತೆ ಅನ್ನಿಸುವುದು ಇದೇ ಕಾರಣಕ್ಕೆ. ಅದನ್ನು ಶಕ್ತಿ ತುಂಬಿದ ಲಕ್ಷಣವೆಂದು ನಂಬಿ ಓಟದ ಗೆರೆಯ ಮೇಲೆ ಹೋಗಿ ನಿಲ್ಲಬೇಡಿ.

ನಿಮ್ಮ ತೊಂದರೆ ಶ್ವಾಸಕೋಶಕ್ಕಿಂತ ಮೊದಲ ಸುತ್ತಿನ ವೇಗದಲ್ಲಿದೆ ಎಂದು ನನ್ನ ಅನುಮಾನ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಆರೂವರೆ ನಿಮಿಷವೆಂದರೆ 390 ಸೆಕೆಂಡು. ಸುತ್ತಿಗೆ ಸುಮಾರು 97 ಸೆಕೆಂಡು ಬರುತ್ತದೆ. ಸೀಟಿ ಊದಿದೊಡನೆ ಗುಂಪಿನ ಜೊತೆ ನುಗ್ಗಿ ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಮುಗಿಸುವವರು 17 ಸೆಕೆಂಡು ಉಳಿಸಿದೆವೆಂದುಕೊಳ್ಳುತ್ತಾರೆ; ಆ ವೇಗದಲ್ಲಿ ಸ್ನಾಯುಗಳು ಆಮ್ಲವನ್ನು ಉತ್ಪಾದಿಸುವ ಪ್ರಮಾಣ ದೇಹವು ಅದನ್ನು ನಿಭಾಯಿಸುವ ಪ್ರಮಾಣವನ್ನು ಮೀರುತ್ತದೆ, ಆಮ್ಲವನ್ನು ತಣಿಸುವ ಕ್ರಿಯೆಯಲ್ಲಿ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದನ್ನು ಹೊರಹಾಕಲು ಏದುಸಿರು ಬರುತ್ತದೆ. ಅಂದರೆ ಮೂರನೆಯ ಸುತ್ತಿನ ಏದುಸಿರು ಮೊದಲ ಸುತ್ತಿನಲ್ಲೇ ಶುರುವಾಗಿರುತ್ತದೆ. ಗಡಿಯಾರ ಹಿಡಿದು ಮೊದಲ ಸುತ್ತನ್ನು 95ರಿಂದ 97 ಸೆಕೆಂಡಿನೊಳಗೆ ನಿಲ್ಲಿಸುವುದನ್ನು ಮೊದಲು ಕಲಿಯಿರಿ. ಉಳಿದವರು ಮುಂದೆ ಹೋಗುತ್ತಿರುವಾಗ ಇದು ಸುಲಭವಲ್ಲ, ಮತ್ತು ಉಸಿರಿನ ಮೇಲಿನ ಗಮನ ನಿಮಗೆ ನಿಜಕ್ಕೂ ನೆರವಾಗುವುದು ಇಲ್ಲಿಯೇ: ಮೊದಲ 200 ಮೀಟರಿನಲ್ಲಿ ಮೂರು ಹೆಜ್ಜೆಗೆ ಉಸಿರು ಒಳಕ್ಕೆ, ಎರಡು ಅಥವಾ ಮೂರು ಹೆಜ್ಜೆಗೆ ಹೊರಕ್ಕೆ ಎಂಬ ಲಯ ಉಳಿದಿದ್ದರೆ ನೀವು ವೇಗ ಮೀರಿಲ್ಲ, ಆ ಲಯ ಅಷ್ಟು ಬೇಗ ಮುರಿದರೆ ಮೀರಿದ್ದೀರಿ.

ವಾರದಲ್ಲಿ ಮೂರು ದಿನ, ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾಗುವಷ್ಟು ನಿಧಾನವಾಗಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಓಡಿ. ಒಂದು ದಿನ ಗುರಿಯ ವೇಗದಲ್ಲಿ 400 ಮೀಟರಿನ ಕೆಲವು ಓಟಗಳನ್ನು, ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ಓಡಿ. ಆ ಬಿಡುವಿನಲ್ಲಿ ಮೂಗಿನಿಂದ ಉಸಿರು ತೆಗೆದುಕೊಂಡು ಅದಕ್ಕಿಂತ ಹೆಚ್ಚು ಹೊತ್ತು ಹೊರಬಿಡುತ್ತ, ಎದೆ ಏರುವ ಬದಲು ಹೊಟ್ಟೆ ಮತ್ತು ಪಕ್ಕೆಲುಬಿನ ಕೆಳಭಾಗ ಹಿಗ್ಗುವಂತೆ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು) ದುಡಿಸಿ. ಕಪಾಲಭಾತಿ ನಿಮ್ಮ ದಿನಚರಿಯಲ್ಲಿ ಮೊದಲೇ ಇದ್ದರೆ ಬೆಳಿಗ್ಗೆ ಬೇರೆಯಾಗಿ, ಬಲ್ಲವರಿಂದ ಕಲಿತು ಮಾಡಿ. ರಕ್ತದೊತ್ತಡ, ಹರ್ನಿಯಾ ಅಥವಾ ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಅದರಿಂದ ದೂರವಿರಬೇಕು.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ನಮ್ಮ ಕಬಡ್ಡಿ ತಂಡ ತಾಲ್ಲೂಕು ಮಟ್ಟದವರೆಗೆ ಹೋಗುತ್ತದೆ, ಅಲ್ಲಿ ಕೊನೆಯ ಐದಾರು ನಿಮಿಷಗಳಲ್ಲಿ ಹುಡುಗರು ಬಸವಳಿಯುತ್ತಾರೆ. ದಮ್ಮು ಹೆಚ್ಚಲೆಂದು ಊರ ಕೆರೆಯಲ್ಲಿ ಮುಳುಗಿ ಉಸಿರು ಕಟ್ಟುವ ಪಂದ್ಯ ಮಾಡಿಸಬಹುದೇ? ದಣಿದಾಗ ಬಾಗಬಾರದು, ಕೈಗಳನ್ನು ತಲೆಯ ಮೇಲಿಟ್ಟು ನೆಟ್ಟಗೆ ನಿಲ್ಲಬೇಕು ಎನ್ನುವುದು ಸರಿಯೇ?
— ದೈಹಿಕ ಶಿಕ್ಷಕರು, ಮಂಡ್ಯ ಜಿಲ್ಲೆ

ಉತ್ತರ: ಕೆರೆಯ ಪಂದ್ಯವನ್ನು ದಯವಿಟ್ಟು ಮಾಡಿಸಬೇಡಿ, ಈಗಾಗಲೇ ಹುಡುಗರು ತಾವಾಗಿ ಮಾಡುತ್ತಿದ್ದರೆ ಇಂದೇ ನಿಲ್ಲಿಸಿ. ಮುಳುಗುವ ಮುನ್ನ ಹುಡುಗರು ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಡುವುದು ವಾಡಿಕೆ. ಮೇಲಿನ ಉತ್ತರದಲ್ಲಿ ಹೇಳಿದಂತೆ ಅದರಿಂದ ಆಮ್ಲಜನಕ ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಕುಸಿಯುತ್ತದೆ. ನೀರಿನೊಳಗೆ ಆಮ್ಲಜನಕ ಇಳಿಯುತ್ತಲೇ ಇರುತ್ತದೆ, ಆದರೆ ಉಸಿರಾಡಬೇಕೆಂಬ ತುಡಿತ ಏಳುವಷ್ಟು ಇಂಗಾಲದ ಡೈಆಕ್ಸೈಡ್ ಇನ್ನೂ ಕೂಡಿರುವುದಿಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸಾಯುತ್ತಾರೆ, ಮತ್ತು ಕೆರೆಯ ಕದಡಿದ ನೀರಿನಲ್ಲಿ ಒಬ್ಬ ಹುಡುಗ ಮೇಲೆ ಬಂದಿಲ್ಲವೆಂಬುದು ದಡದಲ್ಲಿರುವವರಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಕಬಡ್ಡಿಗೆ ಬೇಕಾದ ಉಸಿರಿನ ಅಭ್ಯಾಸ ಕಬಡ್ಡಿಯೊಳಗೇ ಇದೆ. ರೇಡಿಗೆ 30 ಸೆಕೆಂಡು, ಅಷ್ಟು ಹೊತ್ತೂ ‘ಕಬಡ್ಡಿ, ಕಬಡ್ಡಿ’ ಎಂಬ ಉಚ್ಚಾರ ಕಡಿಯದೆ ಕೇಳಿಸುತ್ತಿರಬೇಕು. ಮಾತಾಡುವುದೆಂದರೆ ಉಸಿರನ್ನು ಅಳತೆಯಿಂದ ಹೊರಬಿಡುವುದು. ಗಂಟಲು ಹರಿಯುವಂತೆ ಕೂಗುವ ರೇಡರ್ ಹತ್ತು ಸೆಕೆಂಡಿನಲ್ಲೇ ಉಸಿರನ್ನು ಖರ್ಚುಮಾಡಿ, ಬೋನಸ್ ಗೆರೆಗೆ ಕಾಲು ಚಾಚುವ ಹೊತ್ತಿಗೆ ಎದೆ ಬಿಗಿದುಕೊಂಡಿರುತ್ತಾನೆ. ಅಂಪೈರಿಗೆ ಕೇಳಿಸುವಷ್ಟೇ ದನಿಯಲ್ಲಿ, ಹೆಜ್ಜೆಯ ಲಯಕ್ಕೆ ಹೊಂದಿಸಿ ಹೇಳುವವನು ಕೊನೆಯ ಹತ್ತು ಸೆಕೆಂಡಿನಲ್ಲೂ ಡಿಫೆಂಡರುಗಳ ಕಾಲಿನ ಮೇಲೆ ಕಣ್ಣಿಟ್ಟಿರಬಲ್ಲ. ಹುಡುಗರನ್ನು ಸಾಲಾಗಿ ನಿಲ್ಲಿಸಿ ಮೊದಲು ನಿಂತಲ್ಲೇ, ಬಳಿಕ ನಡೆಯುತ್ತ, ಬಳಿಕ ಅಡ್ಡ ಹೆಜ್ಜೆ ಹಾಕುತ್ತ 30 ಸೆಕೆಂಡಿನ ಉಚ್ಚಾರ ಮಾಡಿಸಿ. ಕೊನೆಗೆ ಒಂದು ಓಟ ಓಡಿಸಿ, ಏದುಸಿರಿನಲ್ಲಿರುವಾಗಲೇ ಮಾಡಿಸಿ. ಕೊನೆಯ ನಿಮಿಷಗಳ ರೇಡು ಬರುವುದು ಅಂಥ ಸ್ಥಿತಿಯಲ್ಲೇ ಅಲ್ಲವೇ?

ಇನ್ನು ಬಾಗುವ ಪ್ರಶ್ನೆ. ದಣಿದವನು ಬಾಗಿದರೆ ಎದುರಾಳಿಗೆ ದೌರ್ಬಲ್ಯ ಕಾಣುತ್ತದೆ ಎಂಬ ಕಾರಣಕ್ಕೆ ನಮ್ಮ ತರಬೇತುದಾರರು ಇದನ್ನು ಹೇಳಿಕೊಡುತ್ತ ಬಂದಿದ್ದಾರೆ. ದೇಹದ ದೃಷ್ಟಿಯಿಂದ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಫುಟ್‌ಬಾಲ್ ಆಟಗಾರ್ತಿಯರ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಕೈ ತಲೆಯ ಮೇಲಿಟ್ಟು ನಿಂತವರಿಗಿಂತ ಮಂಡಿಯ ಮೇಲೆ ಕೈಯೂರಿ ಬಾಗಿ ನಿಂತಾಗಲೇ ಹೃದಯದ ಬಡಿತ ಬೇಗ ತಗ್ಗಿತು. ಬಾಗಿದಾಗ ವಪೆಗೆ ಚಲಿಸಲು ಒಳ್ಳೆಯ ಆಕಾರ ಸಿಗುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಒಂದೇ ಅಧ್ಯಯನದಿಂದ ನಿಯಮ ಹುಟ್ಟುವುದಿಲ್ಲವಾದರೂ, ಬಾಗಿದ ಹುಡುಗನನ್ನು ಗದರಿಸುವುದನ್ನಂತೂ ನಿಲ್ಲಿಸಬಹುದು. ಔಟಾಗಿ ಹೊರಗೆ ಕುಳಿತವರು ಆ ಹೊತ್ತನ್ನು ಕಿರುಚುವುದರಲ್ಲಿ ಕಳೆಯದೆ, ನಾಲ್ಕು ಎಣಿಸಿ ಉಸಿರು ತೆಗೆದುಕೊಂಡು ಆರು ಎಣಿಸಿ ಬಿಡುವುದನ್ನು ಹತ್ತು ಸಲ ಮಾಡಲಿ. ರಿವೈವ್ ಆಗಿ ಒಳಗೆ ಬರುವವನಿಗೆ ಅದರ ವ್ಯತ್ಯಾಸ ತಿಳಿಯುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ, ಬ್ಯಾಡ್ಮಿಂಟನ್ ಆಡುತ್ತಾಳೆ. ಅಕಾಡೆಮಿಯಲ್ಲಿ ತನಗಿಂತ ಮೇಲಿನವರನ್ನು ಸೋಲಿಸುವವಳು ಟೂರ್ನಿಗಳಲ್ಲಿ ಮುನ್ನಡೆಯಲ್ಲಿದ್ದರೂ ಕೈ ಬಿಗಿದು ಸೋಲುತ್ತಾಳೆ. ಧ್ಯಾನ ಕಲಿಸಿ ಎಂದು ಹಲವರು ಹೇಳುತ್ತಿದ್ದಾರೆ. ಕಣ್ಣುಮುಚ್ಚಿ ಕುಳಿತರೆ ಮನಸ್ಸು ಖಾಲಿಯಾಗುವುದೇ ಇಲ್ಲ ಎಂದು ಅವಳ ದೂರು. ಏನು ಮಾಡಬೇಕು?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮೊದಲು ಅವಳ ದೂರನ್ನು ಪರಿಹರಿಸೋಣ. ಮನಸ್ಸು ಖಾಲಿಯಾಗಬೇಕಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್‌–ಜಿನ್ 1979ರಲ್ಲಿ ರೋಗಿಗಳಿಗಾಗಿ ಆರಂಭಿಸಿದ, ಮುಂದೆ ಕ್ರೀಡಾಪಟುಗಳಿಗೂ ಹಬ್ಬಿದ ಸಾವಧಾನತೆಯ ಅಭ್ಯಾಸದಲ್ಲಿ ಕೆಲಸ ಇಷ್ಟೇ: ಗಮನವನ್ನು ಉಸಿರಿನ ಮೇಲಿಡುವುದು, ಅದು ಜಾರಿದ್ದನ್ನು ಗುರುತಿಸುವುದು, ಬೈದುಕೊಳ್ಳದೆ ಮರಳಿ ತರುವುದು. ಹತ್ತು ನಿಮಿಷದಲ್ಲಿ ನಲವತ್ತು ಸಲ ಜಾರಿ ನಲವತ್ತು ಸಲ ಮರಳಿ ತಂದವಳು ನಲವತ್ತು ಸಲ ಅಭ್ಯಾಸ ಮಾಡಿದಂತಾಯಿತು. 18–15ರಲ್ಲಿದ್ದಾಗ ‘ಈಗ ಸೋತರೆ ಅಮ್ಮ ಏನನ್ನುತ್ತಾರೆ’ ಎಂದು ಜಾರಿದ ಗಮನವನ್ನು ಶಟಲಿಗೆ ಮರಳಿ ತರಬೇಕಾದಾಗ ಒದಗುವುದು ಇದೇ ಕಸುಬು.

ಉದ್ವೇಗವೆಲ್ಲ ಕೆಟ್ಟದ್ದಲ್ಲ ಎಂಬುದನ್ನೂ ಅವಳಿಗೆ ತಿಳಿಸಿ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನಶ್ಶಾಸ್ತ್ರಜ್ಞರ 1908ರ ಪ್ರಯೋಗಗಳಿಂದ ಬೆಳೆದು ಬಂದ ತಿಳಿವಳಿಕೆಯ ಪ್ರಕಾರ, ಉತ್ತೇಜನ ಒಂದು ಮಟ್ಟದವರೆಗೆ ಸಾಧನೆಯನ್ನು ಹೆಚ್ಚಿಸುತ್ತದೆ, ಆ ಮಟ್ಟ ಮೀರಿದರೆ ತಗ್ಗಿಸುತ್ತದೆ. ಕೆಲಸ ಸೂಕ್ಷ್ಮವಾದಷ್ಟೂ ಆ ಮಟ್ಟ ಕೆಳಗಿರುತ್ತದೆ. ಭಾರ ಎತ್ತುವವನಿಗೆ ಸಹಾಯಕವಾದ ಉದ್ವೇಗ ನೆಟ್ ಬಳಿ ಶಟಲನ್ನು ಮೆಲ್ಲಗೆ ಇಳಿಸಬೇಕಾದವಳ ಮಣಿಕಟ್ಟನ್ನು ಕೆಡಿಸುತ್ತದೆ. ಬೀಜಿಂಗ್‌ನಲ್ಲಿ 2008ರಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರ 10 ಮೀಟರ್ ಏರ್ ರೈಫಲ್ ಸ್ಪರ್ಧೆ ಈ ಸೂಕ್ಷ್ಮತೆಯ ತುತ್ತತುದಿ. ಅಲ್ಲಿ ಶೂಟರ್‌ಗಳು ಉಸಿರನ್ನು ಹೊರಬಿಟ್ಟು, ಮುಂದಿನ ಉಸಿರಿಗೆ ಮುನ್ನ ಸಹಜವಾಗಿ ಬರುವ ಕ್ಷಣದ ವಿರಾಮದಲ್ಲೇ ಗುರಿಯನ್ನು ನೆಲೆಗೊಳಿಸಿ ಟ್ರಿಗರ್ ಎಳೆಯುತ್ತಾರೆ, ಏಕೆಂದರೆ ಎದೆಯ ಏರಿಳಿತವೊಂದೇ ಬಂದೂಕಿನ ಮೊನೆಯನ್ನು ಕದಲಿಸಲು ಸಾಕು.

ಬ್ಯಾಡ್ಮಿಂಟನ್‌ನಲ್ಲಿ ಅಂಥ ವಿರಾಮಗಳು ಧಾರಾಳವಾಗಿವೆ. ಒಬ್ಬರು 11 ಅಂಕ ತಲುಪಿದಾಗ 60 ಸೆಕೆಂಡು, ಗೇಮ್‌ಗಳ ನಡುವೆ 120 ಸೆಕೆಂಡು, ಅಂಕಗಳ ನಡುವೆ ಶಟಲ್ ಎತ್ತಿಕೊಂಡು ಬರುವಷ್ಟು ಹೊತ್ತು. ಈ ಚಿಕ್ಕ ಬಿಡುವಿಗೆ ಬದಲಾಗದ ಒಂದು ಕ್ರಮ ಹಾಕಿಕೊಡಿ. ಅಂಕ ಮುಗಿದೊಡನೆ ನೆಟ್‌ಗೆ ಬೆನ್ನು ಮಾಡುವುದು. ಮೂಗಿನಿಂದ ಒಂದು ಪೂರ್ಣ ಉಸಿರು, ಅದರ ಮೇಲೆ ಇನ್ನೊಂದು ಚಿಕ್ಕ ಎಳೆತ, ಆಮೇಲೆ ಬಾಯಿಯಿಂದ ನಿಧಾನವಾದ ನಿಟ್ಟುಸಿರು. ಹಿಡಿಯನ್ನು ಸಡಿಲಿಸಿ ರಾಕೆಟ್ಟಿನ ತಂತಿಗಳನ್ನು ನೋಡುವುದು. ಮುಂದಿನ ಸರ್ವ್ ಎಲ್ಲಿಗೆ ಎಂಬ ಒಂದೇ ನಿರ್ಧಾರ ಮಾಡಿ ತಿರುಗುವುದು. ಈ ಬಗೆಯ ನಿಟ್ಟುಸಿರನ್ನು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಮಾಡಿದವರ ಮನಃಸ್ಥಿತಿ, ಅಷ್ಟೇ ಹೊತ್ತು ಸಾವಧಾನತೆಯ ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದ್ದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ವರದಿ ಮಾಡಿದ್ದಾರೆ. ಅದು ಆಟದ ಅಂಕಗಳನ್ನು ಅಳೆದ ಪ್ರಯೋಗವಲ್ಲ ಎಂಬುದನ್ನು ಮರೆಯಬಾರದು. ನೀಳವಾಗಿ ಉಸಿರು ಬಿಡುವಾಗ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಬಲಗೊಂಡು ಹೃದಯದ ಬಡಿತ ತಗ್ಗುತ್ತದೆ, ಒಳಗೆಳೆಯುವಾಗ ಏರುತ್ತದೆ. ಅವಳೇ ಮಣಿಕಟ್ಟಿನ ನಾಡಿ ಹಿಡಿದು ಉಸಿರಾಡಿ ನೋಡಿದರೆ ಬೆರಳಿಗೆ ಇದು ತಿಳಿಯುತ್ತದೆ. ಮಕ್ಕಳಿಗೆ ಹತ್ತು ಉಪನ್ಯಾಸಕ್ಕಿಂತ ಈ ಒಂದು ಅನುಭವ ಮೇಲು.

ಸಾಲದ್ದಕ್ಕೆ, ಇಡೀ ಪಂದ್ಯ ಏಕಾಗ್ರತೆಯಿಂದಿರು ಎಂದು ಅವಳಿಗೆ ಹೇಳುವವರನ್ನು ತಡೆಯಿರಿ. ಅಡಿಲೇಡ್‌ನಲ್ಲಿ 2003ರ ಡಿಸೆಂಬರಿನಲ್ಲಿ ರಾಹುಲ್ ದ್ರಾವಿಡ್ 233 ಮತ್ತು ಅಜೇಯ 72 ರನ್ ಗಳಿಸಿ ಭಾರತವನ್ನು ಗೆಲ್ಲಿಸಿದ ಬಗೆಯ ಆಟದಲ್ಲಿ, ಗಂಟೆಗಟ್ಟಲೆ ಕ್ರೀಸಿನಲ್ಲಿರುವ ಬ್ಯಾಟರ್ ಎರಡು ಎಸೆತಗಳ ನಡುವೆ ಗಮನವನ್ನು ಸಡಿಲಬಿಟ್ಟು, ಬೌಲರ್ ಓಡಿಬರುವಾಗ ಮತ್ತೆ ಬಿಗಿಗೊಳಿಸಬೇಕಾಗುತ್ತದೆ. ಬಿಡಲು ಬಾರದವನಿಗೆ ಹಿಡಿಯಲೂ ಬಾರದು. ಈ ಕ್ರಮವನ್ನು ಟೂರ್ನಿಯ ದಿನ ಮೊದಲ ಬಾರಿಗೆ ಪ್ರಯೋಗಿಸಬಾರದು. ಅಕಾಡೆಮಿಯಲ್ಲಿ 19–19ರಿಂದಲೇ ಆಟ ಶುರುಮಾಡಿಸಿ, ಉಳಿದ ಮಕ್ಕಳು ಸುತ್ತ ನಿಂತು ನೋಡುತ್ತಿರಲಿ; ವಾರಕ್ಕೆ ಎರಡು ಸಲ ಹೀಗೆ ಆಡಿಸಲು ತರಬೇತುದಾರರು ಒಪ್ಪುತ್ತಾರೆ.

ಒಂದು ಮಾತು ನಿಮಗೆ. ಸೋತ ದಿನ ಮನೆಗೆ ಮರಳುವ ದಾರಿಯಲ್ಲಿ ಪಂದ್ಯದ ವಿಮರ್ಶೆ ಬೇಡ. ಟೂರ್ನಿಗೆ ಮುನ್ನ ಅವಳಿಗೆ ನಿದ್ದೆ ಬಾರದಿದ್ದರೆ, ವಾಂತಿಯಾದರೆ, ಆಟಕ್ಕೆ ಹೋಗಲೇ ಹಿಂಜರಿದರೆ ಅದು ಉಸಿರಾಟದ ಅಭ್ಯಾಸದಿಂದ ತೀರುವ ಸಂಗತಿಯಲ್ಲ, ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಹತ್ತು ವರ್ಷದ ಮೊಮ್ಮಗ ಓಡಿ ಬಂದ ಸ್ವಲ್ಪ ಹೊತ್ತಿಗೆ ಕೆಮ್ಮುತ್ತಾನೆ, ಎದೆಯಲ್ಲಿ ಸುಂಯ್ ಎಂಬ ಸದ್ದು ಬರುತ್ತದೆ. ವೈದ್ಯರು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಅದು ಚಟವಾಗುತ್ತದೆ, ಪ್ರಾಣಾಯಾಮದಿಂದಲೇ ಗುಣಪಡಿಸೋಣ ಎಂದು ನನ್ನ ಅಭಿಪ್ರಾಯ.
— ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ, ಅಭಿಪ್ರಾಯವನ್ನು ಒಪ್ಪಲಾರೆ. ಓಡುವಾಗ ಬಾಯಿಯಿಂದ ನುಗ್ಗುವ ಗಾಳಿ ಶ್ವಾಸನಾಳಗಳ ತೇವವನ್ನು ಒಣಗಿಸುತ್ತದೆ. ಅದಕ್ಕೆ ಪ್ರತಿಕ್ರಿಯೆಯಾಗಿ ಅಲ್ಲಿನ ಸ್ನಾಯುಗಳು ಬಿಗಿದು ನಾಳ ಕಿರಿದಾಗುತ್ತದೆ. ಇದು ಹೆಚ್ಚಾಗಿ ಓಟ ನಿಂತ ಕೆಲವೇ ನಿಮಿಷಗಳಲ್ಲಿ ಏರುವುದರಿಂದ ನಿಮಗೆ ‘ಓಡಿ ಬಂದ ಸ್ವಲ್ಪ ಹೊತ್ತಿಗೆ’ ಕಾಣಿಸುತ್ತಿದೆ. ನಿಧಾನವಾದ ಉಸಿರಾಟದ ಅಭ್ಯಾಸ ಉಬ್ಬಸದ ಭಯವನ್ನೂ ಗಾಬರಿಯಿಂದ ಬರುವ ಅತಿ ಉಸಿರಾಟವನ್ನೂ ಕಡಿಮೆ ಮಾಡೀತು, ಬಿಗಿದ ನಾಳವನ್ನು ಬಿಡಿಸದು. ಆ ಕೆಲಸ ಔಷಧದ್ದು. ಇನ್‌ಹೇಲರ್ ಚಟ ಹಿಡಿಸುವ ವಸ್ತುವಲ್ಲ. ವೈದ್ಯರು ಹೇಳಿದ ಕ್ರಮದಲ್ಲಿ ಅದನ್ನು ಬಳಸಲಿ, ಆಡುವ ಮುನ್ನ ಹತ್ತು ಹದಿನೈದು ನಿಮಿಷ ನಿಧಾನವಾಗಿ ಮೈ ಬೆಚ್ಚಗಾಗಿಸಿಕೊಳ್ಳಲಿ, ಜೊತೆಗೆ ನಿಮ್ಮ ಪಕ್ಕ ಕುಳಿತು ಭ್ರಾಮರಿ ಪ್ರಾಣಾಯಾಮವನ್ನೂ ಮಾಡಲಿ. ಹದಿಹರೆಯದಿಂದಲೇ ಅಸ್ತಮಾ ಇದ್ದ ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ 2003ರ ಲಂಡನ್ ಮ್ಯಾರಥಾನ್ ಅನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದರು. ಔಷಧವನ್ನು ಬಿಟ್ಟು ಅಲ್ಲ, ಅದರ ಜೊತೆಗೇ.

ಪ್ರಶ್ನೆ: ಐಟಿ ಉದ್ಯೋಗಿ, ವಾರಾಂತ್ಯದಲ್ಲಿ ಹತ್ತು ಕಿಲೋಮೀಟರ್ ಓಡುತ್ತೇನೆ. ಕೆಲಸದ ಒತ್ತಡದಿಂದ ನಿದ್ದೆ ಕೆಟ್ಟಿದೆ. ಮೂಗಿನಿಂದಲೇ ಉಸಿರಾಡುತ್ತ ಓಡಬೇಕೇ? ನಿಮಿಷಕ್ಕೆ ಆರು ಉಸಿರು ಎನ್ನುತ್ತಾರಲ್ಲ, ಅದರಲ್ಲಿ ಏನು ವಿಶೇಷ?
— ಒಬ್ಬ ಓದುಗಿ, ಬೆಂಗಳೂರು

ಉತ್ತರ: ನಿಧಾನದ ಓಟದಲ್ಲಿ ಮೂಗು ಸಾಕು, ಒಳ್ಳೆಯದೂ ಹೌದು, ಧೂಳನ್ನು ತಡೆಯುತ್ತದೆ, ಗಾಳಿಯನ್ನು ಹದಗೊಳಿಸುತ್ತದೆ, ಸೈನಸ್‌ಗಳಲ್ಲಿ ಹುಟ್ಟುವ, ರಕ್ತನಾಳಗಳನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನು ಶ್ವಾಸಕೋಶಕ್ಕೆ ಒಯ್ಯುತ್ತದೆ. ವೇಗ ಹೆಚ್ಚಿದಾಗ ಬಾಯಿ ತಾನಾಗಿ ತೆರೆಯುತ್ತದೆ, ತೆರೆಯಲಿ. ಕುಳಿತಾಗ ನಿಮಿಷಕ್ಕೆ ಏಳೆಂಟು ಲೀಟರ್ ಸಾಕಾಗುವ ಗಾಳಿ ಕಠಿಣ ಓಟದಲ್ಲಿ ನೂರು ಲೀಟರನ್ನೂ ಮೀರಬಹುದು, ಅಷ್ಟನ್ನು ಮೂಗಿನಲ್ಲಿ ಎಳೆಯುವ ಹಟ ಬೇಡ.

ಆರು ಉಸಿರಿನ ವಿಷಯ ಸ್ವಾರಸ್ಯಕರವಾದದ್ದು. ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ಅಳೆದು, 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು: ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ಆ ವೇಗದಲ್ಲಿ ರಕ್ತದೊತ್ತಡದ ಸಹಜ ಏರಿಳಿತ ಮತ್ತು ಉಸಿರಿನ ಏರಿಳಿತ ಒಂದಕ್ಕೊಂದು ಹೊಂದಿಕೊಂಡು, ರಕ್ತದೊತ್ತಡವನ್ನು ಸರಿದೂಗಿಸುವ ನರಗಳ ವ್ಯವಸ್ಥೆ ಚುರುಕಾಗುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಸಂಜೆ ದೀಪದ ಮುಂದೆ ಕುಳಿತು ಸಹಸ್ರನಾಮ ಹೇಳುವಾಗಲೂ ಉಸಿರು ಹೀಗೇ ನೀಳವಾಗುತ್ತಿತ್ತೇನೋ, ಅಳೆದವರಿಲ್ಲ. ಎಲ್ಲರಿಗೂ ಸರಿಯಾಗಿ ಆರೇ ಒಗ್ಗಬೇಕೆಂದಿಲ್ಲ, ಐದಾಗಬಹುದು, ಆರೂವರೆಯೂ ಆಗಬಹುದು.

ಮಲಗುವ ಮುನ್ನ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ನಾಲ್ಕು ಎಣಿಸಿ ಒಳಕ್ಕೆ, ಆರು ಎಣಿಸಿ ಹೊರಕ್ಕೆ, ಹತ್ತು ನಿಮಿಷ ಉಸಿರಾಡಿ. ಎಣಿಕೆ ತಪ್ಪಿದರೆ ಒಂದರಿಂದ ಮತ್ತೆ ಶುರುಮಾಡಿ. ಮೂರು ನಾಲ್ಕು ವಾರ ಬಿಡದೆ ಮಾಡಿಯೂ ನಿದ್ದೆ ಸುಧಾರಿಸದಿದ್ದರೆ ವಾರಾಂತ್ಯದ ಓಟವನ್ನು ಐದು ಕಿಲೋಮೀಟರಿಗೆ ಇಳಿಸಿ, ವೈದ್ಯರನ್ನು ಕಾಣಿ, ಮತ್ತು ರಾತ್ರಿ ಹತ್ತರ ಮೇಲಿನ ಆಫೀಸಿನ ಕರೆಗಳ ಬಗ್ಗೆ ನಿಮ್ಮ ಮ್ಯಾನೇಜರ್ ಜೊತೆ ಮಾತಾಡಿ.